ನೊಗಕ್ಕೆ ಹೊಂದುವ ಜೋಡಿ



ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಭಕ್ತರ ಮನೆಗಳಿಗೆ ನಾವು ಹೋದಾಗಲೆಲ್ಲ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತಿದೆ. ಮಳೆಯ ಮಾತು, ಅಡಿಕೆ ತೆಂಗಿನ ಧಾರಣೆಯ ಮಾತು, ಮಕ್ಕಳ ಮದುವೆಯ ಮಾತು ಎಲ್ಲವೂ ಮುಗಿದ ಮೇಲೆ ಮನೆಯ ಯಜಮಾನರು ದನಿ ತಗ್ಗಿಸಿ ಕೇಳುತ್ತಾರೆ: “ಹುಡುಗ ಕಂಪ್ಯೂಟರನ್ನು ತಾನೇ ಜೋಡಿಸಿಕೊಳ್ತೀನಿ ಅಂತಾನೆ. ಬಿಡಿಬಿಡಿ ಸಾಮಾನು ತಂದು ಕೂಡಿಸಿದರೆ ನಡೀತದಾ ಅಯ್ಯನೋರೆ? ದುಡ್ಡು ಹಾಳಾಗಲ್ವಾ?”

ಈ ಪ್ರಶ್ನೆಗೆ ನಮ್ಮ ಉತ್ತರ ಚಿಕ್ಕದು. ಖಂಡಿತವಾಗಿಯೂ ನಡೆಯುತ್ತದೆ, ಆದರೆ ಹಣ ಕೈ ಬಿಡುವ ಮುನ್ನ ಹೊಂದಾಣಿಕೆಯ ಪರೀಕ್ಷೆ ನಡೆದಿರಬೇಕು. ಇಷ್ಟನ್ನು ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಸುಮ್ಮನಾಗಲು ನಮ್ಮ ಮನಸ್ಸು ಒಪ್ಪುತ್ತಿಲ್ಲ. ಏಕೆಂದರೆ ಈ ಪರೀಕ್ಷೆಯಲ್ಲಿ ನಾವೇ ಒಮ್ಮೆ ಸೋತಿದ್ದೇವೆ, ಮತ್ತು ನಮ್ಮ ಸೋಲಿನ ಬೆಲೆಯನ್ನು ಬೇರೊಂದು ಮನೆಯವರು ತೆತ್ತರು. ಆ ಪ್ರಸಂಗವನ್ನು ಮೊದಲು ನಿವೇದಿಸಿಕೊಂಡು ಅನಂತರ ವಿಷಯಕ್ಕೆ ಬರುವುದೇ ಪ್ರಾಮಾಣಿಕವಾದ ಕ್ರಮವೆಂದು ಭಾವಿಸಿದ್ದೇವೆ.

ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯ ಒಕ್ಕಲುತನದ ಕುಟುಂಬವದು. ಮಗ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದನು. ಬೆಂಗಳೂರಿನಲ್ಲಿದ್ದ ಸೋದರಮಾವನು ತನ್ನ ಹಳೆಯ ಕಂಪ್ಯೂಟರೊಂದನ್ನು ಕೊಟ್ಟಿದ್ದನು. ಅದು ಯಂತ್ರಗಳ ನಕ್ಷೆ ಬರೆಯುವ ತಂತ್ರಾಂಶದ ಭಾರವನ್ನು ತಾಳುತ್ತಿರಲಿಲ್ಲ. ಹೊಸ ಯಂತ್ರವನ್ನು ಕೇಳಲು ಹುಡುಗನಿಗೆ ಸಂಕೋಚ. ಆದ್ದರಿಂದ ಮದರ್‌ಬೋರ್ಡನ್ನು ಹಾಗೆಯೇ ಉಳಿಸಿಕೊಂಡು, ಬಳಸಿದ ಪ್ರೊಸೆಸರ್ ಒಂದನ್ನೂ ಗ್ರಾಫಿಕ್ಸ್ ಕಾರ್ಡೊಂದನ್ನೂ ಕೊಂಡರೆ ಸಾಕೆಂದು ಲೆಕ್ಕ ಹಾಕಿದನು. ತಂದೆ ಈರುಳ್ಳಿ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಎತ್ತಿಟ್ಟರು.

ಹಸ್ತಪ್ರತಿಗಳ ಸಂಪಾದನೆಯ ಕೆಲಸಕ್ಕಾಗಿ ನಾವು ಬಹುಕಾಲದಿಂದ ಕಂಪ್ಯೂಟರ್ ಬಳಸುತ್ತಿರುವುದು ಆ ಮನೆಯವರಿಗೆ ಗೊತ್ತು. ಹುಡುಗನು ಹೊರಡುವ ಹಿಂದಿನ ದಿನ ನಮ್ಮಲ್ಲಿಗೆ ಬಂದು ಒಂದು ಚೀಟಿ ತೋರಿಸಿದನು. ಮದರ್‌ಬೋರ್ಡಿನ ಚಿಪ್‌ಸೆಟ್ ಎಚ್110, ಅದರ ಸಾಕೆಟ್ 1151. ಕೊಳ್ಳಬೇಕೆಂದಿರುವ ಪ್ರೊಸೆಸರ್ ಇಂಟೆಲ್ ಕೋರ್ ಐ5-8400, ಅದರ ಸಾಕೆಟ್ಟೂ 1151. “ಎರಡೂ ಒಂದೇ ಅಲ್ವಾ ಗುರುಗಳೇ?” ಎಂದು ಕೇಳಿದನು. ನಾವು ಕನ್ನಡಕ ಏರಿಸಿ ಎರಡು ಸಂಖ್ಯೆಗಳನ್ನೂ ನೋಡಿ, “ಒಂದೇ ಇವೆಯಲ್ಲಪ್ಪ, ಹೋಗಿ ಬಾ” ಎಂದುಬಿಟ್ಟೆವು.

ಅವನು ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಸಂದಿಗೊಂದಿಗಳಲ್ಲಿ ಅಲೆದು, ಸಾಮಾನು ಕೊಂಡು, ರಾತ್ರಿಯ ಗಾಡಿಗೆ ಮರಳಿದನು. ಮರುದಿನ ಜೋಡಿಸಿದನು. ಫ್ಯಾನು ತಿರುಗಿತು. ತೆರೆ ಮಾತ್ರ ಕಪ್ಪಾಗಿಯೇ ಉಳಿಯಿತು. ಗ್ರಾಫಿಕ್ಸ್ ಕಾರ್ಡಿನ ನೆತ್ತಿಯ ಮೇಲಿದ್ದ ಎಂಟು ರಂಧ್ರಗಳ ವಿದ್ಯುತ್ ಕಂಡಿಗೆ ಸಿಕ್ಕಿಸಲು ಹಳೆಯ ಎಸ್.ಎಂ.ಪಿ.ಎಸ್.ನಲ್ಲಿ ತಕ್ಕ ತಂತಿಯೇ ಇರಲಿಲ್ಲ. ಅಂಗಡಿಯವರಿಗೆ ದೂರವಾಣಿ ಮಾಡಿದರೆ, ಸಾಮಾನು ಸರಿಯಿದೆ, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂಬ ಉತ್ತರ ಬಂತು. ತಂದೆ ಆ ಸಂಜೆ ಮಗನಿಗೆ ಆಡಬಾರದ ಮಾತು ಆಡಿದರು. ಹುಡುಗನು ಎರಡು ದಿನ ಸರಿಯಾಗಿ ಉಣ್ಣಲಿಲ್ಲವೆಂದು ತಾಯಿ ನಮಗೆ ಹೇಳಿ ಕಳುಹಿಸಿದರು. ಅವನು ನಮ್ಮ ಹೆಸರನ್ನು ಮನೆಯಲ್ಲಿ ಎತ್ತಿರಲಿಲ್ಲ. ನಾವೇ ಹೋಗಿ, “ತಪ್ಪು ಅವನದಲ್ಲ, ಹೇಳಿದವರು ನಾವು” ಎಂದು ಒಪ್ಪಿಕೊಳ್ಳಬೇಕಾಯಿತು.

ತರೀಕೆರೆಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ಯುವಕರೊಬ್ಬರು ಎಲ್ಲವನ್ನೂ ಬಿಚ್ಚಿ ನೋಡಿ ಗುಟ್ಟು ಹೇಳಿದರು. ಬೋರ್ಡು ಕೆಟ್ಟಿಲ್ಲ, ಪ್ರೊಸೆಸರ್ ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಒಂದಕ್ಕೊಂದು ಹೊಂದುವುದಿಲ್ಲ, ಅಷ್ಟೆ. ಇಂಟೆಲ್ ಸಂಸ್ಥೆಯು 6ನೆಯ ಮತ್ತು 7ನೆಯ ತಲೆಮಾರಿನ ಪ್ರೊಸೆಸರುಗಳಿಗೆ 1151 ಸಂಪರ್ಕಬಿಂದುಗಳ ಸಾಕೆಟ್ ಬಳಸಿತು. 2017ರಲ್ಲಿ 8ನೆಯ ತಲೆಮಾರನ್ನು ತಂದಾಗಲೂ ಸಂಖ್ಯೆ 1151 ಆಗಿಯೇ ಉಳಿಯಿತು. ಆದರೆ ಒಳಗಿನ ಹಂಚಿಕೆ ಬದಲಾಯಿತು. ವಿದ್ಯುತ್ ಪೂರೈಸುವ ಬಿಂದುಗಳು 128 ಇದ್ದದ್ದು 146 ಆದವು. ಆದಕಾರಣ 100 ಮತ್ತು 200 ಶ್ರೇಣಿಯ ಚಿಪ್‌ಸೆಟ್ಟಿನ ಹಳೆಯ ಬೋರ್ಡುಗಳಲ್ಲಿ 8ನೆಯ ತಲೆಮಾರು ಏಳುವುದಿಲ್ಲ. ಅದಕ್ಕೆ 300 ಶ್ರೇಣಿಯ ಬೋರ್ಡೇ ಬೇಕು. ಪ್ರೊಸೆಸರ್ ಸಾಕೆಟ್ಟಿನಲ್ಲಿ ಸಲೀಸಾಗಿ ಕೂಡುತ್ತದೆ, ಆದರೆ ಕೆಲಸ ಮಾಡುವುದಿಲ್ಲ.

ಪಾಠಾಂತರಗಳನ್ನು ಹೋಲಿಸುವುದರಲ್ಲಿಯೇ ಆಯುಷ್ಯ ಸವೆಸಿದವರು ನಾವು. ಅಕ್ಷರ ಒಂದೇ ಆಗಿದ್ದರೂ ಸಂದರ್ಭ ಬೇರೆಯಾದರೆ ಅರ್ಥ ಬೇರೆಯಾಗುತ್ತದೆಂದು ಎಷ್ಟೋ ವಿದ್ಯಾರ್ಥಿಗಳಿಗೆ ಹೇಳಿದ್ದೇವೆ. ಅಂಕೆಯ ಮುಂದೆ ಆ ವಿವೇಕ ನಮಗೇ ನೆನಪಾಗಲಿಲ್ಲ.

ಹುಡುಗನ ತಂದೆ ಇದನ್ನೆಲ್ಲ ಕೇಳಿ ಕೊಂಚ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದರು: “ಎರಡೆತ್ತೂ ಒಳ್ಳೇವೇ ಇರ್ತವೆ ಅಯ್ಯನೋರೆ. ಒಂದರದ್ದು ದಾಪುಗಾಲು, ಒಂದರದ್ದು ನಿಧಾನ. ನೊಗ ಸೊಟ್ಟ ಹೋಗ್ತದೆ. ಎತ್ತನ್ನ ಬೈದರೆ ಏನು ಬಂತು? ಜೋಡಿ ನೋಡದೆ ತಂದೋನ್ನ ಬೈಬೇಕು.” ಅಜ್ಜಂಪುರದ ಮಣ್ಣಿನಲ್ಲಿ ಈ ಮಾತಿಗೆ ತೂಕವಿದೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿಯ ದನಗಳೆನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು, ಸೈನ್ಯದ ಸರಂಜಾಮು ಎಳೆದ ತಳಿಯ ಸಂವರ್ಧನ ಕೇಂದ್ರವಿರುವ ಊರದು. ಅಲ್ಲಿಯ ರೈತನು ಎತ್ತು ಕೊಳ್ಳುವಾಗ ಹಲ್ಲು, ಸುಳಿ ನೋಡಿ ನಿಲ್ಲಿಸುವುದಿಲ್ಲ. ಮನೆಯಲ್ಲಿರುವ ಎತ್ತಿನ ಎತ್ತರಕ್ಕೆ, ನಡಿಗೆಗೆ ಹೊಂದುವುದೇ ಎಂದು ನೋಡುತ್ತಾನೆ. ಕಂಪ್ಯೂಟರಿನ ಬಿಡಿಭಾಗಗಳನ್ನು ಕೊಳ್ಳುವಾಗಲೂ ನೋಡಬೇಕಾದದ್ದು ಇದನ್ನೇ. ‘ಇದು ಒಳ್ಳೆಯದೇ?’ ಎಂಬ ಪ್ರಶ್ನೆ ಎರಡನೆಯದು. ‘ಇದು ನಮ್ಮಲ್ಲಿರುವುದಕ್ಕೆ ಹೊಂದುವುದೇ?’ ಎಂಬುದು ಮೊದಲನೆಯದು.

ಮಠದ ಪಾಠಶಾಲೆಯಲ್ಲಿ ನಮಗೆ ವಾಕ್ಯಾರ್ಥದ ವಿಚಾರವನ್ನು ಕಲಿಸುವಾಗ ಗುರುಗಳು ಮೂರು ನಿಯಮಗಳನ್ನು ಹೇಳುತ್ತಿದ್ದರು: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದವು ಇನ್ನೊಂದು ಪದವನ್ನು ಬಯಸಬೇಕು, ಬಯಸಿದ ಪದದೊಡನೆ ಅದರ ಅರ್ಥ ಹೊಂದಬೇಕು, ಎರಡೂ ಬಳಿಬಳಿಯಲ್ಲಿರಬೇಕು. ಬೆಂಕಿಯಿಂದ ಗಿಡಕ್ಕೆ ಎರೆದನೆಂದರೆ ವ್ಯಾಕರಣ ಸರಿಯಾಗಿದ್ದರೂ ಯೋಗ್ಯತೆ ಇಲ್ಲದ್ದರಿಂದ ವಾಕ್ಯವಾಗುವುದಿಲ್ಲ. ಬಿಡಿಭಾಗಗಳ ಪರೀಕ್ಷೆಗೂ ಈ ಮೂರನ್ನು ಇಟ್ಟುಕೊಂಡರೆ ಮರೆಯುವ ಭಯವಿಲ್ಲ.

ಮೊದಲನೆಯದು ಆಕಾಂಕ್ಷೆ: ಯಾವುದು ಏನನ್ನು ಬೇಡುತ್ತದೆ?

ಕೆಲವು ಪ್ರೊಸೆಸರುಗಳಲ್ಲಿ ತೆರೆಗೆ ಚಿತ್ರ ಕಳುಹಿಸುವ ಶಕ್ತಿ ಒಳಗೇ ಅಡಗಿರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇಂಟೆಲ್ ಐ5-12400 ಎಂಬುದರಲ್ಲಿ ಅದಿದೆ. ಕೊನೆಗೆ ಎಫ್ ಅಕ್ಷರ ಸೇರಿದ ಐ5-12400ಎಫ್ ಎಂಬುದರಲ್ಲಿ ಇಲ್ಲ. ಎಎಂಡಿ ಸಂಸ್ಥೆಯ ರೈಜನ್ 5 5600 ಎಂಬುದರಲ್ಲಿ ಇಲ್ಲ. 5600ಜಿ ಎಂಬುದರಲ್ಲಿ ಇದೆ. ಇಲ್ಲದುದನ್ನು ಕೊಂಡವರು ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳಲೇಬೇಕು. ಬೆಲೆ ಕಡಿಮೆಯೆಂದು ಎಫ್ ತಂದು, ಕಾರ್ಡಿಗೆ ಹಣ ಸಾಲದೆ ಕಪ್ಪು ತೆರೆಯನ್ನು ನೋಡುತ್ತ ಕುಳಿತವರುಂಟು.

ಗ್ರಾಫಿಕ್ಸ್ ಕಾರ್ಡು ವಿದ್ಯುತ್ತನ್ನು ಬೇಡುತ್ತದೆ. ಮದರ್‌ಬೋರ್ಡಿನ ಸ್ಲಾಟಿನಿಂದ ಅದಕ್ಕೆ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. ಮಿಕ್ಕದ್ದು ಎಸ್.ಎಂ.ಪಿ.ಎಸ್.ನಿಂದ ನೇರವಾಗಿ ಬರಬೇಕು: ಆರು ಪಿನ್ನಿನ ತಂತಿಯಿಂದ 75 ವ್ಯಾಟ್, ಎಂಟು ಪಿನ್ನಿನದರಿಂದ 150 ವ್ಯಾಟ್. ಎನ್ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ 3060 ಕಾರ್ಡು 170 ವ್ಯಾಟ್ ಉಣ್ಣುತ್ತದೆ. ಒಟ್ಟು ಯಂತ್ರಕ್ಕೆ 550 ವ್ಯಾಟ್‌ನ ಎಸ್.ಎಂ.ಪಿ.ಎಸ್. ಇರಲೆಂದು ತಯಾರಕರು ಹೇಳುತ್ತಾರೆ. ಕಚೇರಿಯ ಹಳೆಯ ಪೆಟ್ಟಿಗೆಗಳಲ್ಲಿ ಇಂಥ ಶಕ್ತಿಯೂ ತಂತಿಯೂ ಬಹುಮಟ್ಟಿಗೆ ಇರುವುದಿಲ್ಲ. ನಮ್ಮ ಹುಡುಗನ ಎರಡನೆಯ ತೊಡಕು ಇದೇ ಆಗಿತ್ತು.

ಎರಡನೆಯದು ಯೋಗ್ಯತೆ: ಬೇಡಿದ್ದು ದೊರೆತರೂ ಅದು ತಕ್ಕದ್ದೇ?

ಪ್ರೊಸೆಸರ್ ಮತ್ತು ಮದರ್‌ಬೋರ್ಡಿನ ಸಂಬಂಧದಲ್ಲಿ ಮೂರು ಸಂಗತಿಗಳನ್ನು ನೋಡಬೇಕು: ಸಾಕೆಟ್, ಚಿಪ್‌ಸೆಟ್, ಬಯೋಸ್. ಇಂಟೆಲ್‌ನ 10 ಮತ್ತು 11ನೆಯ ತಲೆಮಾರುಗಳಿಗೆ 1200. 12, 13, 14ನೆಯವುಗಳಿಗೆ 1700. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಶ್ರೇಣಿಗೆ 1851. ಎಎಂಡಿಯ ಎಎಂ4 ಸಾಕೆಟ್ಟು ರೈಜನ್ ಪ್ರೊಸೆಸರುಗಳಿಗೆ ಬಹುಕಾಲ ಆಶ್ರಯವಿತ್ತಿತು. 2022ರಲ್ಲಿ ಎಎಂ5 ಬಂತು. ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೂಡುವುದಿಲ್ಲ.

ಸಾಕೆಟ್ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯಿತೆನ್ನುವಂತಿಲ್ಲ. ಬೋರ್ಡಿನೊಳಗೆ ಬಯೋಸ್ ಎಂಬ ಮೂಲ ತಂತ್ರಾಂಶವಿರುತ್ತದೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಂತೆ, ಯಂತ್ರ ಏಳುವಾಗ ಯಾರು ಯಾರು ಬಂದಿದ್ದಾರೆಂದು ಅದು ಗುರುತಿಸುತ್ತದೆ. ಹಾಜರಿ ಪುಸ್ತಕ ಬರೆದ ಮೇಲೆ ಸೇರಿದ ಹುಡುಗನ ಹೆಸರು ಅದರಲ್ಲಿರದು. ಎಎಂಡಿಯ ಬಿ450 ಬೋರ್ಡುಗಳಿಗೆ 2020ರ ರೈಜನ್ 5000 ಶ್ರೇಣಿಯನ್ನು ಹಾಕಬೇಕಾದರೆ, ಇಂಟೆಲ್‌ನ 600 ಶ್ರೇಣಿಯ ಬೋರ್ಡುಗಳಿಗೆ 13ನೆಯ ತಲೆಮಾರನ್ನು ಹಾಕಬೇಕಾದರೆ, ಬಯೋಸನ್ನು ಮೊದಲು ಹೊಸದಾಗಿಸಿಕೊಳ್ಳಬೇಕು. ಇದಕ್ಕೆ ಸಾಮಾನ್ಯವಾಗಿ ಹಳೆಯ ಪ್ರೊಸೆಸರ್ ಒಂದು ಬೋರ್ಡಿನಲ್ಲಿರಬೇಕಾಗುತ್ತದೆ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಮಾಡುವ ಸೌಕರ್ಯ ಕೆಲವು ಬೋರ್ಡುಗಳಲ್ಲಿ ಮಾತ್ರ ಉಂಟು. ಈ ಕೆಲಸದ ನಡುವೆ ಕರೆಂಟು ಹೋದರೆ ಬೋರ್ಡೇ ನಿಷ್ಪ್ರಯೋಜಕವಾಗಬಹುದು. ನಮ್ಮ ಹಳ್ಳಿಗಳ ಕರೆಂಟಿನ ಸ್ಥಿತಿ ತಿಳಿದೇ ಇದೆ. ಯು.ಪಿ.ಎಸ್. ಇಲ್ಲದ ಮನೆಯಲ್ಲಿ ಇದಕ್ಕೆ ಕೈ ಹಾಕಬಾರದು.

ಮೆಮೊರಿಯ ವಿಷಯದಲ್ಲಿಯೂ 1151ರಂಥದೇ ಒಂದು ಮೋಸ ಕಾದಿದೆ. ಡಿಡಿಆರ್4ಕ್ಕೂ ಡಿಡಿಆರ್5ಕ್ಕೂ 288 ಸಂಪರ್ಕಬಿಂದುಗಳು. ಆದರೆ ನಡುವಿನ ಕಚ್ಚು ಬೇರೆ ಬೇರೆ ಸ್ಥಳದಲ್ಲಿರುವುದರಿಂದ ಒಂದು ಇನ್ನೊಂದರ ಜಾಗದಲ್ಲಿ ಕೂಡುವುದಿಲ್ಲ. ಕೂಡದಿದ್ದಾಗ ಬಲವಂತದಿಂದ ಒತ್ತಬೇಡಿರೆಂದು ಮಕ್ಕಳಿಗೆ ಹೇಳಿ. ಎಎಂ4ಕ್ಕೆ ಡಿಡಿಆರ್4, ಎಎಂ5ಕ್ಕೆ ಡಿಡಿಆರ್5 ಎಂಬುದು ನಿಶ್ಚಿತ. ಇಂಟೆಲ್‌ನ 1700ರಲ್ಲಿ ಮಾತ್ರ ಕೆಲವು ಬೋರ್ಡುಗಳಿಗೆ 4, ಕೆಲವಕ್ಕೆ 5 ಇರುವುದರಿಂದ ಬೋರ್ಡಿನ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಬೇಕು.

ಗ್ರಾಫಿಕ್ಸ್ ಕಾರ್ಡು ಈ ವಿಷಯದಲ್ಲಿ ಉದಾರಿ. ಪಿಸಿಐ ಎಕ್ಸ್‌ಪ್ರೆಸ್ ಎಂಬ ಅದರ ಸ್ಲಾಟಿನಲ್ಲಿ ಹೊಸ ಕಾರ್ಡು ಹಳೆಯ ಬೋರ್ಡಿನೊಡನೆಯೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆದರೆ ಹೊಂದಿಕೊಂಡದ್ದೆಲ್ಲ ಪೂರ್ಣಫಲ ಕೊಡುತ್ತದೆಂದು ತಿಳಿಯಬಾರದು. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಎಎಂಡಿ ಕಾರ್ಡು, ಹದಿನಾರು ಹಾದಿಗಳಿರುವ ಸ್ಲಾಟಿನಲ್ಲಿ ಕುಳಿತು ನಾಲ್ಕು ಹಾದಿಗಳನ್ನಷ್ಟೇ ಬಳಸುತ್ತದೆ. ನಾಲ್ಕನೆಯ ಆವೃತ್ತಿಯ ಸ್ಲಾಟಿರುವ ಹೊಸ ಬೋರ್ಡಿನಲ್ಲಿ ಅದು ಸಾಗುತ್ತದೆ. ಮೂರನೆಯ ಆವೃತ್ತಿಯ ಹಳೆಯ ಬೋರ್ಡಿನಲ್ಲಿ ಹಾದಿಯ ವೇಗ ಅರ್ಧವಾಗಿ ಕಾರ್ಡು ಏದುಸಿರು ಬಿಡುತ್ತದೆ. ಹಳೆಯ ಯಂತ್ರಕ್ಕೆ ಅಗ್ಗದ ಹೊಸ ಕಾರ್ಡು ಹಾಕುವವರೇ ಇದರಲ್ಲಿ ಬೀಳುವುದು. ಹಾಗೆಯೇ ದುರ್ಬಲ ಪ್ರೊಸೆಸರಿನ ಪಕ್ಕದಲ್ಲಿ ಭಾರೀ ಬೆಲೆಯ ಕಾರ್ಡನ್ನು ಕಟ್ಟಿದರೂ ಅಷ್ಟೆ. ಒಂದು ಓಡಲು ಸಿದ್ಧ, ಇನ್ನೊಂದು ಎಳೆಯಲಾರದು. ರೈತನು ಹೇಳಿದ ದಾಪುಗಾಲಿನ ಮಾತು ಇಲ್ಲಿ ಅಕ್ಷರಶಃ ಸತ್ಯ.

ಮೂರನೆಯದು ಸನ್ನಿಧಿ: ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಳಿಬಳಿ ಕೂಡುವವೇ?

ಎಟಿಎಕ್ಸ್ ಬೋರ್ಡಿನ ಅಳತೆ 305 ಮತ್ತು 244 ಮಿಲಿಮೀಟರ್. ಮೈಕ್ರೋ ಎಟಿಎಕ್ಸ್ ಸಾಮಾನ್ಯವಾಗಿ 244 ಚೌಕ. ಮಿನಿ ಐಟಿಎಕ್ಸ್ 170 ಚೌಕ. ಚಿಕ್ಕ ಬೋರ್ಡು ದೊಡ್ಡ ಕ್ಯಾಬಿನೆಟ್ಟಿನಲ್ಲಿ ಕೂಡುತ್ತದೆ, ದೊಡ್ಡದು ಚಿಕ್ಕದರಲ್ಲಿ ಕೂಡುವುದಿಲ್ಲ. ಕಾರ್ಡಿನ ಉದ್ದವನ್ನೂ ಕ್ಯಾಬಿನೆಟ್ಟಿನೊಳಗೆ ದೊರೆಯುವ ಜಾಗವನ್ನೂ ಅಳತೆಪಟ್ಟಿ ಹಿಡಿದು ನೋಡಬೇಕು. ಪ್ರೊಸೆಸರನ್ನು ತಣಿಸುವ ಕೂಲರಿನ ಸ್ಕ್ರೂ ರಂಧ್ರಗಳ ಅಂತರ 1200 ಸಾಕೆಟ್ಟಿನಲ್ಲಿ 75 ಮಿಲಿಮೀಟರ್, 1700ರಲ್ಲಿ 78. ಮೂರು ಮಿಲಿಮೀಟರಿನ ವ್ಯತ್ಯಾಸಕ್ಕಾಗಿ ಹಳೆಯ ಕೂಲರಿಗೆ ಬೇರೆ ಹಿಡಿಕಟ್ಟು ತರಬೇಕಾಗುತ್ತದೆ.

ಇಷ್ಟನ್ನು ನೆನಪಿಡುವುದು ಹೇಗೆಂದು ಹಿರಿಯರು ಅಂಜಬೇಕಾಗಿಲ್ಲ. ನೆನಪಿಡಬೇಕಾದುದಿಲ್ಲ, ಬರೆದಿಡಬೇಕು. ಒಂದು ಹಾಳೆಯಲ್ಲಿ ಬೋರ್ಡಿನ ಪೂರ್ಣ ಹೆಸರು, ಪ್ರೊಸೆಸರ್, ಮೆಮೊರಿ, ಕಾರ್ಡು, ಎಸ್.ಎಂ.ಪಿ.ಎಸ್., ಕ್ಯಾಬಿನೆಟ್ ಇವನ್ನು ಸಾಲಾಗಿ ಬರೆಯಿರಿ. ಬೋರ್ಡಿನ ಹೆಸರು ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಓಡುತ್ತಿರುವ ಯಂತ್ರವಾದರೆ ಸಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶವು ಬೋರ್ಡು, ಪ್ರೊಸೆಸರ್, ಬಯೋಸ್ ಆವೃತ್ತಿಗಳನ್ನು ತೋರಿಸುತ್ತದೆ. ಬಳಿಕ ಬೋರ್ಡು ತಯಾರಿಸಿದ ಸಂಸ್ಥೆಯ ಜಾಲತಾಣದಲ್ಲಿ ಆ ಬೋರ್ಡಿಗೆ ಒಪ್ಪುವ ಪ್ರೊಸೆಸರುಗಳ ಪಟ್ಟಿಯನ್ನು ತೆರೆಯಿರಿ. ಪ್ರತಿ ಪ್ರೊಸೆಸರಿನ ಮುಂದೆ ಯಾವ ಬಯೋಸ್ ಆವೃತ್ತಿ ಬೇಕೆಂದು ಬರೆದಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾರು ಏನೇ ಹೇಳಲಿ, ಕೊಳ್ಳಬೇಡಿರಿ. ಆ ದಿನ ನಾವು ಈ ಪಟ್ಟಿಯನ್ನು ತೆರೆದಿದ್ದರೆ ಐದು ನಿಮಿಷದಲ್ಲಿ ಸತ್ಯ ತಿಳಿಯುತ್ತಿತ್ತು. ಪಿಸಿ ಪಾರ್ಟ್ ಪಿಕರ್ ಎಂಬ ತಾಣದಲ್ಲಿ ಭಾಗಗಳನ್ನು ಆರಿಸುತ್ತ ಹೋದರೆ ಹೊಂದದುದನ್ನು ಅದೇ ಎಚ್ಚರಿಸುತ್ತದೆ; ಆದರೂ ಕೊನೆಯ ಪ್ರಮಾಣ ತಯಾರಕರ ಪಟ್ಟಿಯೇ.

ಬೆಂಗಳೂರಿನಲ್ಲಿರುವವರು ತಪ್ಪಿದರೆ ಸಂಜೆಯೊಳಗೆ ಅಂಗಡಿಗೆ ಮರಳಿ ಹೋಗಬಲ್ಲರು. ಕಡೂರಿನಿಂದ, ತರೀಕೆರೆಯಿಂದ, ಅಜ್ಜಂಪುರದಿಂದ ಹೋಗುವವರಿಗೆ ಅದೊಂದು ದಿನದ ಕೆಲಸ, ರೈಲಿನ ಖರ್ಚು, ಕಾಲೇಜಿನ ಪಾಠನಷ್ಟ. ಆದ್ದರಿಂದ ನಮ್ಮವರು ಮನೆಯಲ್ಲಿಯೇ ಪರೀಕ್ಷೆ ಮುಗಿಸಿ ಗಾಡಿ ಹತ್ತಬೇಕು. ಬಳಸಿದ ಸಾಮಾನಾದರೆ ಅಂಗಡಿಯಲ್ಲಿಯೇ ಓಡಿಸಿ ತೋರಿಸಿರೆಂದು ಕೇಳಬೇಕು. ಬಿಲ್ಲು ಪಡೆಯಬೇಕು, ಹಿಂದಿರುಗಿಸುವ ಅವಧಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಕೆಟ್ಟ ವಸ್ತುವಿಗೆ ವಾರಂಟಿ ಉಂಟು, ಹೊಂದದ ವಸ್ತುವಿಗೆ ಇಲ್ಲ ಎಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯವೂ, ಸ್ಥೂಲವಾಗಿ ಇಂಟೆಲ್‌ನ 8ನೆಯ ತಲೆಮಾರು ಅಥವಾ ರೈಜನ್ 2000 ಶ್ರೇಣಿಯ ಅನಂತರದ ಪ್ರೊಸೆಸರೂ ಬೇಕೆಂದು ಆ ಸಂಸ್ಥೆ ವಿಧಿಸಿದೆ. ನಂಟರು ಹಳೆಯ ಯಂತ್ರವನ್ನು ಕೊಟ್ಟಾಗ, ಅದರ ಮೇಲೆ ಹಣ ಸುರಿಯುವ ಮುನ್ನ, ಇದನ್ನೂ ಆ ಹಾಳೆಯಲ್ಲಿ ಬರೆದುಕೊಳ್ಳಿ. ಕೆಲವೊಮ್ಮೆ ಉಚಿತವಾಗಿ ಬಂದ ಬೋರ್ಡೇ ಎಲ್ಲಕ್ಕಿಂತ ದುಬಾರಿಯಾಗುತ್ತದೆ.

ಆ ಹುಡುಗನ ಕಥೆ ಸುಖಾಂತವಾಯಿತು. ತರೀಕೆರೆಯ ಆ ಯುವಕರೇ 300 ಶ್ರೇಣಿಯ ಬಳಸಿದ ಬೋರ್ಡೊಂದನ್ನು ಹುಡುಕಿ ಕೊಟ್ಟರು. ತಕ್ಕ ಎಸ್.ಎಂ.ಪಿ.ಎಸ್. ಬಂತು, ಅದರ ಬೆಲೆಯನ್ನು ನಾವು ಕೊಡಹೋದರೆ ತಂದೆ ಒಪ್ಪಲಿಲ್ಲ, ನಾವು ಬಿಡಲಿಲ್ಲ. ಯಂತ್ರ ಎದ್ದಿತು. ತಂದೆ ಮಗನ ಬಳಿ ಕ್ಷಮೆ ಕೇಳಲಿಲ್ಲ; ನಮ್ಮ ಕಡೆಯ ತಂದೆಗಳು ಹಾಗೆ ಕೇಳುವವರಲ್ಲ. ಆದರೆ ಕಂಪ್ಯೂಟರಿನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತು, “ಇದರಲ್ಲಿ ಯಾವುದು ಏನು, ತೋರಿಸು” ಎಂದರಂತೆ.

ಪಾಲಕರಲ್ಲಿ ನಮ್ಮ ಬಿನ್ನಹ ಇಷ್ಟೇ. ತೆರೆ ಕಪ್ಪಾದಾಗ ಮಕ್ಕಳ ಮೇಲೆ ಅನುಮಾನಪಡುವ ಮುನ್ನ ಆ ಹಾಳೆಯನ್ನು ಕೇಳಿ ಓದಿರಿ. ಮಕ್ಕಳೂ ಹಿರಿಯರು ಹೇಳಿದರೆಂದು ಸುಮ್ಮನೆ ನಂಬದೆ, ನಮ್ಮಂಥವರು ಹೇಳಿದರೂ ನಂಬದೆ, ಪಟ್ಟಿಯನ್ನು ತೆರೆದು ನೋಡಲಿ. ಈಗ ಆ ಹುಡುಗನು ಸುತ್ತಲಿನ ಊರುಗಳ ಗೆಳೆಯರ ಚೀಟಿಗಳನ್ನು ತಾನೇ ಪರಿಶೀಲಿಸಿ ಕೊಡುತ್ತಾನೆ. ಕಳೆದ ಬಾರಿ ನಾವು ಹೋದಾಗ ನಮ್ಮ ಹಳೆಯ ಯಂತ್ರಕ್ಕೆ ಮೆಮೊರಿ ಹಾಕಿಸಬೇಕೆಂದೆವು. ಅವನು ತಲೆ ತಗ್ಗಿಸಿ ನಗುತ್ತ, “ಮೊದಲು ಬೋರ್ಡಿನ ಹೆಸರು ಬರ್ಕೊಂಡು ಬನ್ನಿ ಗುರುಗಳೇ” ಎಂದನು. ಬರೆದುಕೊಂಡು ಹೋಗಲಿದ್ದೇವೆ.